ಪ್ಲೈವುಡ್ಡಿನ ಆಚೆ ಬದಿ

ಹೊಸ ಪ್ಲೈವುಡ್ಡಿನ ವಾಸನೆ ಬಂದರೆ ಈಗಲೂ ನನ್ನ ಕಿವಿ ಒಂದು ‘ಟಿಕ್’ ಸದ್ದಿಗೆ ಕಾಯುತ್ತದೆ.

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಫ್ಲಾಟಿನಲ್ಲಿ ಹಾಲ್‌ಗೆ ಅಡ್ಡಲಾಗಿ ಪ್ಲೈವುಡ್ ಹೊಡೆದು, ನಡುವೆ ಒಂದು ಬಾಗಿಲಿಟ್ಟು, ಎರಡು ಸಂಸಾರ ಇದ್ದೆವು. ಎರಡೂ ಬದಿಗೆ ಒಂದೇ ಎಸಿ; ತಣ್ಣಗಾದೊಡನೆ ಅದನ್ನು ನಿಲ್ಲಿಸುವ ಥರ್ಮೋಸ್ಟಾಟ್ ಆಚೆ ಬದಿಯ ಝೊಹರಾಕ್ಕನ ಗೋಡೆಯಲ್ಲಿತ್ತು. ಅವರ ಪುಟ್ಟ ಜಾಗ ಬೇಗ ತಣ್ಣಗಾಗಿ, ಟಿಕ್ ಎಂದು ಎಸಿ ನಿಂತುಬಿಡುತ್ತಿತ್ತು. ನಾವು ಬೆವರುತ್ತಿದ್ದೆವು. ಅವರು ಟೆಂಪರೇಚರ್ ಇನ್ನಷ್ಟು ಇಳಿಸಿದರೆ ಅವರ ಕೂಸು ಚಳಿಗೆ ಅಳುತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಅಪ್ಪ ಬೆವರಿದ ಬನಿಯನ್ ಹಿಂಡುತ್ತಾ, “ಬಾಗಿಲು ಮುಚ್ಚಿದ್ದಕ್ಕೇ ಹೀಗೆ. ಎರಡೂ ಬದಿಯ ಗಾಳಿ ಬೆರೆತರೆ ಸರಿ ಆಗ್ತದೆ” ಎಂದರು.

“ಅದನ್ನು ಅವರತ್ರ ಕೇಳ್ಲಿಕ್ಕೆ ಆಗ್ತದಾ?” ಎಂದು ಅಮ್ಮ ಪಿಸುಗುಟ್ಟಿದಳು.

ಗೋಡೆಗೇ ಕಿವಿ ಇರುವಾಗ ಪ್ಲೈವುಡ್ಡಿನದೇನು ಹೇಳುವುದು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. “ಓಪನ್ನೇ ಇರ್ಲಿ ಅಕ್ಕ, ಮಕ್ಕಳಿಗೆ ಸೆಕೆ ಆಗ್ತದಲ್ಲ” ಎಂದರು ಝೊಹರಾಕ್ಕ.

ಆಮೇಲೆ ಎಸಿ ಎಡೆಬಿಡದೆ ಓಡಿತು. ಅಪ್ಪ ಗೊರಕೆ ಹೊಡೆದರು. ನಾನು ಎಂದಿನಂತೆ ಕೂಸನ್ನು ನೋಡಲು ಆಚೆ ಬದಿಗೆ ಹೋದೆ. ದಿನಾ ಮಧ್ಯಾಹ್ನ ಉದ್ದ ಕೂದಲನ್ನು ದಿಂಬಿನ ತುಂಬ ಹರಡಿ ಮಲಗುತ್ತಿದ್ದ ಝೊಹರಾಕ್ಕ, ಅಂದು ತಲೆವಸ್ತ್ರಕ್ಕೆ ಗದ್ದದಡಿ ಪಿನ್ ಚುಚ್ಚಿಕೊಂಡೇ ನಿದ್ದೆಹೋಗಿದ್ದರು.