ಹಸಿ ಬಣ್ಣ

“ತಲೇಲಿ ಏನಾದ್ರೂ ಇದೆಯೇನ್ರೀ ನಿಮಗೆ? ಅರವತ್ತು ವರ್ಷದ ಸೈಕಲ್ಲಿಗೆ ಕೆಂಪು ಬಣ್ಣ ಬಳಿಸಿದ್ದೀರಲ್ಲ!” ಹಳೇ ಸೈಕಲ್ ಸಂಗ್ರಹಿಸುವ ಸಾಹುಕಾರ ಅಂಗಡಿ ಬಾಗಿಲಲ್ಲೇ ಅಬ್ಬರಿಸಿದ.

ಬೋರಲಿಂಗಯ್ಯ ಸೈಕಲ್ಲನ್ನೇ ದಿಟ್ಟಿಸಿದ. ಹೆಂಡತಿಯ ಕಣ್ಣಿನ ಆಪರೇಷನ್ನಿಗೆಂದು ಅಪ್ಪನ ಸೈಕಲ್ ಮಾರಲು ಹೊರಟಿದ್ದ. ಎಣ್ಣೆ ಬಿಡಲೆಂದಷ್ಟೇ ಅದನ್ನು ನಿನ್ನೆ ಗುರುಸಿದ್ದನ ಈ ರಿಪೇರಿ ಅಂಗಡಿಯಲ್ಲಿ ಬಿಟ್ಟು ಹೋಗಿದ್ದ.

“ಆಯುಧಪೂಜೆ ಹತ್ರ ಬಂತಲ್ಲ ಬೋರಣ್ಣ, ಚೆಂದ ಕಾಣ್ಲಿ ಅಂತ ಬಳಿದೆ,” ಎಂದ ಗುರುಸಿದ್ದ, ತಲೆ ತಗ್ಗಿಸಿ.

“ನನಗೆ ಬೇಕಾಗಿದ್ದು ಆ ಹಳೇ ಬಣ್ಣ, ಆ ತುಕ್ಕು! ಇದನ್ನ ಗುಜರಿಗೆ ಹಾಕಿ,” ಎನ್ನುತ್ತ ಸಾಹುಕಾರ ಸೈಕಲ್ಲಿಗೆ ಕೈ ಚಾಚಿದ.

“ಮುಟ್ಟಬೇಡಿ ಸ್ವಾಮಿ, ಬಣ್ಣ ಇನ್ನೂ ಹಸಿ. ಶರ್ಟಿಗೆ ಅಂಟುತ್ತೆ,” ಎಂದು ಗುರುಸಿದ್ದ ಅಡ್ಡ ಬಂದ.

ಸಾಹುಕಾರ ಥೂ ಎಂದು ಕಾರು ಹತ್ತಿ ಹೋದ.

“ಮನೆಹಾಳ! ಮೂವತ್ತು ವರ್ಷ ನಿನ್ನ ನಂಬಿದ್ದೆನಲ್ಲೋ!”

“ತಪ್ಪಾಯ್ತಣ್ಣ. ಗುಜರಿಯವನು ಕೊಡೋದಕ್ಕಿಂತ ನೂರು ಜಾಸ್ತಿ ನಾನೇ ಕೊಡ್ತೀನಿ, ಇಲ್ಲೇ ಬಿಡು.”

ಬೋರಲಿಂಗಯ್ಯ ನೋಟುಗಳನ್ನು ಕಿತ್ತುಕೊಂಡ. “ಇನ್ನು ನಿನ್ನ ಅಂಗಡಿ ಮೆಟ್ಟಿಲು ತುಳಿದರೆ ಕೇಳು!” ಎಂದವನು ಹೊರಬಿದ್ದ, ತಿರುಗಿ ನೋಡಲಿಲ್ಲ. ನೋಡಿದ್ದರೆ, ಗುರುಸಿದ್ದ ಬಕೆಟ್ಟಿನ ನೀರಲ್ಲಿ ಬಟ್ಟೆ ಅದ್ದಿ, ಗೋಂದು ಕಲಸಿ ಬಳಿದಿದ್ದ ಕೆಮ್ಮಣ್ಣನ್ನು ಸೈಕಲ್ಲಿನ ಮೈಯಿಂದ ಒರೆಸುತ್ತಿದ್ದುದು, ಅದರಡಿಯಿಂದ ಹಳೇ ಬಣ್ಣ, ತುಕ್ಕು ಹಾಗೇ ಹೊರಬರುತ್ತಿದ್ದುದು ಕಾಣುತ್ತಿತ್ತು.