ನಾಲ್ಕು ಗಂಟೆಯ ಗಾಳಿ

ಗಾಳಿಯೇ ಇಲ್ಲದ ದಿನ ಸಹಾಯಕಿ ಬಿರುಗಾಳಿ ಬರೆದಿದ್ದಾಳೆ! ಮೋಡಪ್ಪನವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. 'ಸಂಜೆ ಸರೋವರದ ಮೇಲೆ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದ ಗಾಳಿ. ಎತ್ತರದ ಅಲೆಗಳು. ಲಾಂಚು ಬಿಡಬಾರದು.' ಕಿಟಕಿಯಾಚೆ ಗಾಳಿ ಅಳೆಯುವ ಬಟ್ಟಲುಗಳು ತಿರುಗಲೋ ಬೇಡವೋ ಎಂಬಂತೆ ತಿರುಗುತ್ತಿದ್ದವು.

ಮೋಡಪ್ಪ ಎಂಬುದು ಅವರ ನಿಜವಾದ ಹೆಸರಲ್ಲ. ಹವಾಮಾನ ಕಚೇರಿಯ ಮುಖ್ಯಸ್ಥರಿಗೆ ಮೀನುಗಾರರು ಬೆನ್ನ ಹಿಂದೆ ಇಟ್ಟ ಹೆಸರು. ಈಚೆಗೆ ಎದುರಿಗೇ ಆಡಿಕೊಳ್ಳತೊಡಗಿದ್ದರು. "ನಿಮ್ಮ ಆಫೀಸಲ್ಲಿ ಯಾರಾದ್ರೂ ಸೀನಿದ್ರೂ ಎಚ್ಚರಿಕೆ ಕೊಡ್ತೀರಂತಲ್ಲ ಸರ್?" ಎಂದು ಬೆಳಿಗ್ಗೆ ಟೀ ಅಂಗಡಿಯಲ್ಲಿ ಒಬ್ಬ ಕೇಳಿದಾಗ ಅಂಗಡಿಗೆ ಅಂಗಡಿಯೇ ನಕ್ಕಿತ್ತು.

ಮೋಡಪ್ಪನವರಿಗೆ ನಗು ಬರಲಿಲ್ಲ. ಶರತ್ಕಾಲದ ಕೊನೆಯ ಈ ವಾರಗಳನ್ನು ನಂಬುವಂತಿಲ್ಲ. ನೀರಿನಲ್ಲಿ ಇನ್ನೂ ಬಿಸಿ ಉಳಿದಿರುತ್ತದೆ, ಮೇಲಿಂದ ತಣ್ಣನೆಯ ಗಾಳಿ ಇಳಿಯುತ್ತದೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸರೋವರ ಕೆರಳುತ್ತದೆ. ಇವತ್ತು ನಕ್ಕವರು ನಾಳೆ ನಿಜವಾದ ಎಚ್ಚರಿಕೆಗೂ ನಕ್ಕು ದೋಣಿ ಇಳಿಸಿದರೆ? ಹೆಣ ಎಣಿಸಬೇಕಾಗುತ್ತದೆ. ಅದನ್ನು ನೆನೆದರೇ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಹಳೆಯ ವರದಿಗಳ ಕಡತ ತೆರೆದರು. ಹದಿನೆಂಟು ದಿನಗಳಲ್ಲಿ ಐದು ಎಚ್ಚರಿಕೆ. ಒಂದಕ್ಕೂ ಗಾಳಿ ಬಂದಿಲ್ಲ. ಐದನ್ನೂ ಬರೆದವಳು ಸಹಾಯಕಿ. ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಮರಳುವ ಪ್ರಯಾಣಿಕರ ಲಾಂಚು ಇರುವುದು ಒಂದೇ. ಅದರ ಚಾಲಕರ ಪಾಳಿ ಪಟ್ಟಿಯನ್ನು ಪಕ್ಕದಲ್ಲಿಟ್ಟು ಬೆರಳು ಓಡಿಸಿದರು. ಐದು ದಿನವೂ ಒಬ್ಬನೇ ಚಾಲಕ. ಅವಳ ಗಂಡ. ಇವತ್ತೂ ಅವನದೇ ಪಾಳಿ.

ಓಹೋ, ಹೀಗೋ ವಿಷಯ! ಅವರಿಗೆ ಸಿಟ್ಟಿನ ಜೊತೆಗೆ ನಗುವೂ ಬಂತು. ಮದುವೆಯಾಗಿ ಎಂಟು ವರ್ಷವಾದ ಮೇಲೂ ಗಂಡನೆಂದರೆ ಇಷ್ಟು ಜೀವವೇ? ತಮ್ಮ ಮನೆಯಾಕೆಯೂ ಇದ್ದಾಳೆ, ಇವರು ನಾಲ್ಕು ದಿನ ಊರು ಬಿಟ್ಟು ಹೊರಟರೆ ತಾನೇ ಮುಂದೆ ನಿಂತು ಚೀಲ ತುಂಬಿಕೊಡುತ್ತಾಳೆ. ಆದರೆ ಆ ಚಾಲಕನೂ ಮೆಚ್ಚುವಂಥವನೇ. ಬಾಯಿ ತುಂಬ ಮಾತು, ಕಂಡಲ್ಲಿ ನಿಂತು ಯೋಗಕ್ಷೇಮ ಕೇಳದೆ ಹೋಗುವವನಲ್ಲ.

ಎಚ್ಚರಿಕೆ ಹೋದ ಸಂಜೆಗಳಲ್ಲಿ ಸಹಾಯಕಿ ಮಗಳಿಗೆ ಬಿಸ್ಕತ್ತು ಕೊಂಡು ಲಗುಬಗೆಯಿಂದ ಮನೆಗೆ ಓಡುತ್ತಿದ್ದಳು. ಉಳಿದ ದಿನ ಮಗಳನ್ನು ಶಾಲೆಯಿಂದ ನೇರ ಕಚೇರಿಗೇ ಕರೆಸಿಕೊಂಡು, ಕತ್ತಲಾದರೂ ಇಬ್ಬರೂ ಬೆಂಚಿನ ಮೇಲೆ ಕೂತೇ ಇರುತ್ತಿದ್ದರಂತೆ. ಲಾಂಚು ಬರುವವರೆಗೂ ಎದೆ ಡವಡವ ಅನ್ನುತ್ತಿರುತ್ತದೆ ಪಾಪ, ಎಂದುಕೊಂಡರು. ಪಾಪ ಸರಿ, ಸುಳ್ಳು ಸರಿಯೇ?

"ಏನಮ್ಮ ಇದು? ಅರವತ್ತು ಎಲ್ಲಿಂದ ಬಂತು?"

ಸಹಾಯಕಿ ಎದ್ದು ನಿಂತಳು. "ಬರಬಹುದು ಸರ್. ವಾಯುಭಾರ ಇಳೀತಿದೆ."

"ಕೂದಲೆಳೆಯಷ್ಟು ಇಳಿದಿದೆ. ಅದಕ್ಕೆ ಅರವತ್ತಾ? ನನ್ನ ಕಿವಿ ಮೇಲೆ ಹೂ ಇಡಬೇಡ."

ಅವಳು ಗಡಿಯಾರ ನೋಡಿದಳು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ನಾಲ್ಕಕ್ಕೆ ವರದಿ ಹೊರಡಲೇಬೇಕು. ಎಚ್ಚರಿಕೆ ಹೋಯಿತೆಂದರೆ ಮಾರನೆಯ ಬೆಳಗಿನವರೆಗೆ ಲಾಂಚು ಕಟ್ಟಿದ ಹಗ್ಗ ಬಿಚ್ಚುವಂತಿಲ್ಲ. ನಿಯಮವೆಂದರೆ ನಿಯಮ.

"ಇವತ್ತೊಂದು ದಿನ ಬಿಟ್ಬಿಡಿ ಸರ್. ಅವರು ದಡದಲ್ಲೇ ಇರ್ಲಿ. ನಿಮಗೆ ಕೈ ಮುಗೀತೀನಿ."

"ಗಂಡನ ಮೇಲೆ ಪ್ರೀತಿ ಇರಬೇಕಮ್ಮ, ಬೇಡ ಅಂದೋರು ಯಾರು? ಅದಕ್ಕೋಸ್ಕರ ಊರಿಗೆಲ್ಲ ಸುಳ್ಳು ಹೇಳೋದಾ? ಮೇಲಿನವರಿಗೆ ಗೊತ್ತಾದ್ರೆ ನಿನ್ನ ಕೆಲಸ ಹೋಗುತ್ತೆ."

"ಹೋಗ್ಲಿ ಸರ್."

ಥಟ್ಟನೆ ಅಂದುಬಿಟ್ಟಳು. ಗಾಬರಿಯಾದದ್ದು ಮೋಡಪ್ಪನವರಿಗೆ. ಅವಳು ಮತ್ತೆ ಗಡಿಯಾರ ನೋಡಿದಳು. ಒಂದು ಕ್ಷಣ ಮನಸ್ಸು ಕರಗಿತು. ಟೀ ಅಂಗಡಿಯ ನಗು ನೆನಪಾಗಿ ಮತ್ತೆ ಗಟ್ಟಿಯಾಯಿತು. ಆ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ ಹೊಸದನ್ನು ತಾವೇ ಬರೆದರು. 'ಸಾಧಾರಣ ಗಾಳಿ, ಗಂಟೆಗೆ ಹದಿನೈದು. ಲಾಂಚು ಸಂಚಾರಕ್ಕೆ ಅಡ್ಡಿಯಿಲ್ಲ.' ಸರಿಯಾಗಿ ನಾಲ್ಕಕ್ಕೆ ಕಳಿಸಿಯೂ ಬಿಟ್ಟರು. ಸಹಾಯಕಿ ತನ್ನ ಕುರ್ಚಿಗೆ ಹೋಗಿ ಕೂತಳು.

ನಾಲ್ಕೂವರೆಗೆ ಫೋನ್ ಹೊಡೆದುಕೊಂಡಿತು. ಸರೋವರದ ಆಚೆ ಬದಿಯ ಲಾಂಚು ನಿಲ್ದಾಣದ ಗುಮಾಸ್ತ.

"ವರದಿ ಸಿಕ್ತು ಸರ್, ಪುಣ್ಯ ಕಟ್ಕೊಂಡ್ರಿ. ಲಾಂಚು ಈಗ ತಾನೇ ಬಿಟ್ವಿ. ಚಾಲಕ ಅಂತೂ ಬೆಳಿಗ್ಗೆ ಬಂದಾಗಿಂದ ಕೂಗಾಡ್ತಿದ್ದ, ಇವತ್ತೂ ರಾತ್ರಿ ಇಲ್ಲೇ ಬಿದ್ದಿರಬೇಕಾ ಅಂತ. ಆರೂವರೆಗೆ ನಿಮ್ಮ ಕಡೆ ಇರ್ತಾನೆ ಬಿಡಿ."

ಮೋಡಪ್ಪನವರು ಫೋನ್ ಕೆಳಗಿಟ್ಟರು. ಮೂವತ್ತು ವರ್ಷ ಇದೇ ಬದಿಯಲ್ಲಿ ಕೂತು ಗಾಳಿ ಅಳೆದವರು. ಲಾಂಚು ನಿಲ್ಲಿಸುವುದೆಂದರೆ ಇಲ್ಲಿಂದ ಹೊರಡದಂತೆ ನಿಲ್ಲಿಸುವುದು ಎಂದೇ ಅವರ ಲೆಕ್ಕ. ಸಂಜೆ ನಾಲ್ಕಕ್ಕೆ ಅದು ಎಲ್ಲಿರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ತಿರುಗಿ ನೋಡಿದರೆ ಸಹಾಯಕಿ ಆಗಲೇ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು.

"ಅಲ್ಲಮ್ಮ... ಹಾಗಾದ್ರೆ ಆ ಐದು ರಾತ್ರಿ ಅವನು ಆಚೆ ದಡದಲ್ಲೇ ಇದ್ನಾ?"

"ಹೂಂ ಸರ್. ನನ್ನ ಮಗಳು ಮಂಚದ ಕೆಳಗೆ ಅವಿತ್ಕೊಳ್ಳದೆ, ಮಂಚದ ಮೇಲೆ ಮಲಗಿದ್ದು ಆ ಐದೇ ರಾತ್ರಿ."