ಮೂರನೇ ಮೆಟ್ಟಿಲು

ಚೆನ್ನು ಎರಡನೇ ಮೆಟ್ಟಿಲಲ್ಲೇ ನಿಂತುಬಿಟ್ಟಳು, ಬಿಚ್ಚಿದ ಶೂಗಳನ್ನು ಎದೆಗೊತ್ತಿಕೊಂಡು. ಇನ್ನೊಂದು ಹತ್ತಿದರೆ ಗರ್ಭಗುಡಿಯೆದುರಿನ ಚಾಪೆ. ಜಪಾನಿನ ಆ ಮೂಲೆಯ ದೇವಸ್ಥಾನದಲ್ಲಿ ಬೇರೆ ಪ್ರವಾಸಿಗಳಿರಲಿಲ್ಲ, ತಡೆಯುವವರೂ ಇರಲಿಲ್ಲ. ಆದರೂ ಕಾಲು ಏಳಲೊಲ್ಲದು. ಉಡುಪಿ ಕಡೆಯ ತನ್ನೂರಿನಲ್ಲಿ, ಗುಡಿಯ ಪಾಗಾರದಾಚೆ ನಿಂತೇ ಕೈಮುಗಿಯಬೇಕಿದ್ದ ಕೇರಿಯವಳು ಅವಳು. ಈಗ ಮಗನ ಮನೆಯಿರುವ ಮೆಲ್ಬರ್ನಿನ ದೇವಸ್ಥಾನದಲ್ಲೂ ಚಪ್ಪಲಿ ಸ್ಟ್ಯಾಂಡಿನಿಂದ ಮುಂದೆ ಹೋಗುತ್ತಿರಲಿಲ್ಲ. ಕೇಳಿದರೆ ಮೊಣಕಾಲು ನೋವು ಎನ್ನುತ್ತಿದ್ದಳು.

“ಅಜ್ಜಿ, ಬನ್ನಿ! ಇದು ರಿಯಲ್ ಗೋಲ್ಡ್!” ಡಿಜಿಟಲ್ ಕ್ಯಾಮೆರಾ ಹಿಡಿದ ಮೊಮ್ಮಗಳು ತೃಷಾ ಒಳಗಿಂದ ಕರೆದಳು. ಗರ್ಭಗುಡಿಯ ಕಪ್ಪು ಬಾಗಿಲ ಮೇಲೆ ಯಾರೋ ಎಂದೋ ಬರೆದ ಬಂಗಾರದ ತಾವರೆಗಳು ಮಿನುಗುತ್ತಿದ್ದವು. ಬಾಗಿಲು ಮುಚ್ಚಿತ್ತು.

“ದೇವರನ್ನು ಯಾವಾಗ ತೋರಿಸ್ತಾರೆ, ಕೇಳು ಮಗಾ.”

ಮೆಲ್ಬರ್ನಿನ ಸ್ಕೂಲಿನಲ್ಲಿ ಕಲಿತ ಜಪಾನೀ ಭಾಷೆಯಲ್ಲಿ ತೃಷಾ ಕೇಳಿದಳು. ಬಾಗಿಲೆದುರು ಕೂತಿದ್ದ ಮುದುಕ ಅರ್ಚಕರು ಮೆಲ್ಲಗೆ ಉತ್ತರಿಸಿದರು.

“ನೆವರ್ ಅಂತೆ ಅಜ್ಜಿ. ಈ ಬಾಗಿಲು ತೆಗೆಯೋದೇ ಇಲ್ಲ. ಒಳಗಿರೋ ಮೂರ್ತಿಯನ್ನ ಅವರೂ ನೋಡಿಲ್ಲ, ಅವರ ಡ್ಯಾಡ್ ಕೂಡ ನೋಡಿಲ್ಲ.”

“ಪೂಜೆ ಮಾಡುವ ಭಟ್ರೂ ನೋಡ್ಲಿಲ್ವಾ?”

“ಇಲ್ಲ. ಫಿಫ್ಟಿ ಇಯರ್ಸ್‌ನಿಂದ ಇಲ್ಲೇ ಹೊರಗೆ ಕೂತು ಕೈಮುಗೀತಾರಂತೆ.”

ಚೆನ್ನು ಅರ್ಚಕರನ್ನೇ ನೋಡಿದಳು. ಅವಳು ನಿಂತೇ ಇರುವುದನ್ನು ಕಂಡು ಅವರು ಚಾಪೆಯ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿದರು. ಅವಳು ಬಗ್ಗಿ, ಶೂಗಳನ್ನು ಮೆಟ್ಟಿಲ ಮೇಲೆ ಜೋಡಿಸಿಟ್ಟಳು. ಆಮೇಲೆ ಮೊಣಕಾಲು ನೋವೇ ಇಲ್ಲದವಳಂತೆ ಹತ್ತಿ ಹೋಗಿ, ಅವರ ಪಕ್ಕ ಕೂತಳು.